ಅಟ್ಟದ ಪುಸ್ತಕ ಅಂತರ್ಜಾಲಕ್ಕೆ: ಮೊದಲು ಹಕ್ಕು, ಆಮೇಲೆ ಸ್ಕ್ಯಾನು

ಕೊಡಗಿನ ಐನ್‌ಮನೆಗಳ (ಕೊಡವ ಮನೆತನಗಳ ಮೂಲಮನೆಗಳ) ಅಟ್ಟದಲ್ಲಿ, ಹಳೆಯ ಶಾಲೆಗಳ ಬೀರುಗಳಲ್ಲಿ, ಸಂಘಗಳ ಕಚೇರಿಗಳಲ್ಲಿ ಕನ್ನಡ, ಕೊಡವ ಮತ್ತು ಅರೆಭಾಷೆಯ ಎಷ್ಟೋ ಪುಸ್ತಕಗಳಿವೆ. ಇವುಗಳಲ್ಲಿ ಹಲವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಳೆಗಾಲದ ತೇವ, ಬೂಷ್ಟು, ಗೆದ್ದಲು ಸೇರಿ ಪ್ರತಿ ವರ್ಷ ಒಂದಷ್ಟನ್ನು ತಿಂದುಹಾಕುತ್ತವೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆಗಳ ಜೊತೆ ಕಾಗದಪತ್ರಗಳೂ ಮಣ್ಣಿನಡಿ ಸೇರಿದವು. ಹೀಗಾಗಿ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಏರಿಸಬೇಕೆಂಬ ಆಸೆ ಹಲವರಿಗಿದೆ. ಆದರೆ ಹೆಚ್ಚಿನವರು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅದು ಹುಡುಕಿದರೆ ಸಿಗದು, ಕಾನೂನಿಗೂ ಹೊಂದದಿರಬಹುದು. ಇನ್ನು ಕೆಲವರು ಕೇಸು ಬೀಳುತ್ತದೆಂಬ ಹೆದರಿಕೆಯಿಂದ ಕೈಯನ್ನೇ ಹಾಕುವುದಿಲ್ಲ. ಕೃತಿಸ್ವಾಮ್ಯದ (ಕಾಪಿರೈಟ್) ಲೆಕ್ಕ ತಿಳಿದರೆ ಈ ಎರಡೂ ತೊಂದರೆ ಇಲ್ಲ.

ಹೆಜ್ಜೆ 1: ಲೇಖಕರು ತೀರಿಕೊಂಡ ವರ್ಷ ಹುಡುಕಿ

ಪುಸ್ತಕ ಅಚ್ಚಾದ ವರ್ಷಕ್ಕಿಂತ ಇದು ಮುಖ್ಯ. 1957ರ ಕೃತಿಸ್ವಾಮ್ಯ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ, ಲೇಖಕರು ಬದುಕಿದ್ದಾಗ ಪ್ರಕಟವಾದ ಕೃತಿಗೆ ಅವರು ತೀರಿಕೊಂಡ ಮೇಲೂ 60 ವರ್ಷ ರಕ್ಷಣೆಯಿದೆ. ಈ 60 ವರ್ಷದ ಎಣಿಕೆ ಸಾವಿನ ಮರುವರ್ಷದ ಜನವರಿ 1ರಿಂದ. ಸುಲಭದ ಲೆಕ್ಕ: ಸಾವಿನ ವರ್ಷಕ್ಕೆ 61 ಕೂಡಿಸಿ, ಆ ವರ್ಷದ ಜನವರಿ 1ರಂದು ಕೃತಿ ಎಲ್ಲರದಾಗುತ್ತದೆ.

ನಮ್ಮ ಜಿಲ್ಲೆಯ ಉದಾಹರಣೆಗಳನ್ನೇ ನೋಡಿ. ಕೊಡವ ನಾಟಕಕಾರ ಹರದಾಸ ಅಪ್ಪಚ್ಚ ಕವಿ 1944ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ಅಚ್ಚಾದ ನಾಟಕಗಳು 2005ರ ಜನವರಿ 1ರಿಂದ ಮುಕ್ತ. ಭಾರತೀಸುತರು ತೀರಿಕೊಂಡದ್ದು 1976ರಲ್ಲಿ. ಅವರ ಕಾದಂಬರಿಗಳನ್ನು 2036 ಮುಗಿಯುವವರೆಗೆ ಅನುಮತಿಯಿಲ್ಲದೆ ಏರಿಸುವಂತಿಲ್ಲ. ‘ಭಾರತೀಸುತ’ ಎಂಬುದು ಕಾವ್ಯನಾಮವಲ್ಲವೇ ಎಂದು ಕೇಳಬಹುದು. ಕಾವ್ಯನಾಮದ ಹಿಂದಿನ ವ್ಯಕ್ತಿ ಯಾರೆಂದು ಬಹಿರಂಗವಾಗಿದ್ದರೆ ಸಾವಿನ ವರ್ಷದ ಲೆಕ್ಕವೇ ನಡೆಯುತ್ತದೆ. ಯಾರೆಂದೇ ತಿಳಿಯದಿದ್ದರೆ ಮಾತ್ರ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಹಳೆಯ ಪತ್ರಿಕೆಗಳ ಹೆಸರಿಲ್ಲದ ಬರಹಗಳಿಗೂ ಇದೇ ನಿಯಮ.

ಮೊದಲು ಈ ಅವಧಿ 50 ವರ್ಷವಿತ್ತು. 1992ರ ತಿದ್ದುಪಡಿ ಅದನ್ನು 60ಕ್ಕೆ ಏರಿಸಿತು, ಆದರೆ ಅಷ್ಟರಲ್ಲಿ ಮುಕ್ತವಾಗಿದ್ದ ಕೃತಿಗಳನ್ನು ಮತ್ತೆ ಕಟ್ಟಿಹಾಕಲಿಲ್ಲ. 1924ರಲ್ಲಿ ಪ್ರಕಟವಾದ, ಕೊಡವ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ಯ ಸಂಗ್ರಾಹಕ ನಡಿಕೇರಿಯಂಡ ಚಿಣ್ಣಪ್ಪ 1931ರಲ್ಲಿ ತೀರಿಕೊಂಡರು, ಆ ಗ್ರಂಥ 1982ರಲ್ಲೇ ಮುಕ್ತವಾಯಿತು.

ಇಬ್ಬರು ಸೇರಿ ಬರೆದದ್ದಾದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಿರಿ. ಲೇಖಕರು ತೀರಿಕೊಂಡ ಮೇಲೆ ಮೊದಲ ಬಾರಿ ಅಚ್ಚಾದದ್ದಾದರೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಸರ್ಕಾರಿ ಪ್ರಕಟಣೆಗಳಿಗೂ ಹಾಗೆಯೇ.

ಸಾವಿನ ವರ್ಷ ಎಲ್ಲಿ ಸಿಗುತ್ತದೆ? ಮನೆತನದ ವಂಶವೃಕ್ಷ, ಸಮಾಧಿಯ ಕಲ್ಲು, ಸ್ಥಳೀಯ ಪತ್ರಿಕೆಯ ಶ್ರದ್ಧಾಂಜಲಿ, ಜನನ ಮರಣ ನೋಂದಣಿ ಪುಸ್ತಕ, ಮಡಿಕೇರಿಯಲ್ಲಿರುವ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳ ಪ್ರಕಟಣೆಗಳು. ಸಿಕ್ಕಿದ್ದಕ್ಕೆ ಆಧಾರವನ್ನು ಬರೆದಿಡಿ, ಸಾಧ್ಯವಾದರೆ ಫೋಟೊ ತೆಗೆದಿಡಿ. ಮುಂದೆ ಯಾರಾದರೂ ಪ್ರಶ್ನಿಸಿದಾಗ ನಿಮ್ಮ ಕೈಹಿಡಿಯುವುದು ಈ ಒಂದು ಚೀಟಿ. ‘ತುಂಬ ಹಿಂದಿನವರು’ ಎಂಬ ಬಾಯಿಮಾತನ್ನು ನಂಬಿ ಏರಿಸಬೇಡಿ.

ಹೆಜ್ಜೆ 2: ಒಂದು ಪುಸ್ತಕದೊಳಗೆ ಎಷ್ಟು ಹಕ್ಕುಗಳಿವೆ ನೋಡಿ

ಹೆಚ್ಚು ಜನ ಎಡವುವುದು ಇಲ್ಲೇ. ಮೂಲ ಮುಕ್ತವಾಗಿದ್ದರೂ ಮುನ್ನುಡಿ, ಅನುವಾದ, ಟಿಪ್ಪಣಿ, ಮುಖಪುಟದ ಚಿತ್ರ ಒಂದೊಂದೂ ಬೇರೆ ಕೃತಿ. 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರ ಕಥೆಗಳನ್ನು ಏರಿಸಲು ಯಾರ ಅನುಮತಿಯೂ ಬೇಡ. ಆದರೆ ಇತ್ತೀಚೆಗೆ ಮರುಮುದ್ರಣವಾದ ಸಂಕಲನವನ್ನು ಇಡಿಯಾಗಿ ಏರಿಸಿದರೆ ಸಂಪಾದಕರ ಪ್ರಸ್ತಾವನೆಯ ಹಕ್ಕನ್ನು ಮುರಿದಂತಾಗುತ್ತದೆ. ಹಳೆಯ ಪುಸ್ತಕವೊಂದಕ್ಕೆ ಬೇಂದ್ರೆಯವರ ಮುನ್ನುಡಿಯಿದ್ದರೆ, ಅವರು 1981ರಲ್ಲಿ ತೀರಿಕೊಂಡದ್ದರಿಂದ ಆ ಪುಟಗಳು 2042ರವರೆಗೆ ಕಾಯಬೇಕು. ‘ಪಟ್ಟೋಲೆ ಪಳಮೆ’ಯ ಮೂಲ ಮುಕ್ತ, 2003ರ ಇಂಗ್ಲಿಷ್ ಅನುವಾದ ಮುಕ್ತವಲ್ಲ. ಆದಷ್ಟು ಮೊದಲ ಮುದ್ರಣದ ಪ್ರತಿಯನ್ನೇ ಹುಡುಕಿ. ಸಿಗದಿದ್ದರೆ ರಕ್ಷಣೆಯಿರುವ ಪುಟಗಳನ್ನು ಬಿಟ್ಟು ಉಳಿದದ್ದನ್ನು ಏರಿಸಿ, ಬಿಟ್ಟ ಪುಟಗಳ ಸಂಖ್ಯೆಯನ್ನು ವಿವರಣೆಯಲ್ಲಿ ಬರೆಯಿರಿ.

ಹಳೆಯ ಕಾಗದಗಳ ವಿಷಯದಲ್ಲಿ ಒಂದು ಮಾತು ನೆನಪಿರಲಿ. ನಿಮ್ಮ ಅಜ್ಜನಿಗೆ ಬಂದ ಪತ್ರದ ಹಾಳೆ ನಿಮ್ಮದು, ಅದರೊಳಗಿನ ಬರಹದ ಹಕ್ಕು ಪತ್ರ ಬರೆದವರ ವಾರಸುದಾರರದು. ಬದುಕಿರುವವರ ಆರೋಗ್ಯ, ಆಸ್ತಿ, ಮನೆಜಗಳದ ವಿಷಯ ಅದರಲ್ಲಿದ್ದರೆ ಹಕ್ಕು ಯಾರದೇ ಇರಲಿ, ಏರಿಸದಿರುವುದೇ ಸರಿ.

ಬಾಳೋಪಾಟ್‌ನಂತಹ ಪರಂಪರೆಯ ಹಾಡುಗಳಿಗೆ ಒಬ್ಬ ಕರ್ತೃ ಇಲ್ಲ. ಆದರೂ ಅವನ್ನು ಹಾಡಿದವರಿಗೆ ಪ್ರದರ್ಶಕರ ಹಕ್ಕು 50 ವರ್ಷ ಇರುತ್ತದೆ, ಪ್ರಕಟವಾದ ಧ್ವನಿಮುದ್ರಣಕ್ಕೆ 60 ವರ್ಷ. ಹೊಸದಾಗಿ ಧ್ವನಿಮುದ್ರಿಸಿಕೊಳ್ಳುವಾಗ ಹಾಡುಗಾರರ ಒಪ್ಪಿಗೆಯನ್ನು ಅಲ್ಲೇ ಬರೆಸಿಕೊಳ್ಳಿ.

ಹೆಜ್ಜೆ 3: ಹಕ್ಕು ಮುಗಿದಿಲ್ಲದಿದ್ದರೆ ಕೇಳಿ

ಕೇಳಿದರೆ ಕೊಡುವವರು ನಾವು ಅಂದುಕೊಳ್ಳುವುದಕ್ಕಿಂತ ಹೆಚ್ಚು. ಕೊಡಗು–ಸುಳ್ಯದ 1837ರ ಬಂಡಾಯದ ಬಗ್ಗೆ ಕಾದಂಬರಿ ಬರೆದ ನಿರಂಜನರ ಕೃತಿಗಳನ್ನು 2014ರಲ್ಲಿ ಅವರ ಕುಟುಂಬವೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ (ಷರತ್ತು ಪಾಲಿಸಿದರೆ ಯಾರು ಬೇಕಾದರೂ ಬಳಸಲು ಬಿಡುವ ಪರವಾನಗಿ) ಎಲ್ಲರಿಗೂ ಬಿಟ್ಟುಕೊಟ್ಟಿತು.

ಯಾರನ್ನು ಕೇಳಬೇಕು? ಲೇಖಕರು ಪ್ರಕಾಶಕರಿಗೆ ಹಕ್ಕನ್ನು ಬರವಣಿಗೆಯಲ್ಲಿ, ಸಹಿ ಹಾಕಿ ವರ್ಗಾಯಿಸಿರದಿದ್ದರೆ ಅದು ಸಾಮಾನ್ಯವಾಗಿ ಲೇಖಕರಲ್ಲೇ ಉಳಿದಿರುತ್ತದೆ. 1995ರ ಮೇ 10ರ ನಂತರದ ಒಪ್ಪಂದದಲ್ಲಿ ಅವಧಿ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ‘ಹಕ್ಕು ಪ್ರಕಾಶಕರದು’ ಎಂದು ಕೇಳಿದೊಡನೆ ಹಿಂದೆ ಸರಿಯಬೇಡಿ, ಒಪ್ಪಂದದ ಪತ್ರವನ್ನು ಕೇಳಿ ನೋಡಿ.

ಲೇಖಕರು ಇಲ್ಲದಿದ್ದರೆ ಹಕ್ಕು ಉಯಿಲಿನ ಪ್ರಕಾರ, ಉಯಿಲಿಲ್ಲದಿದ್ದರೆ ಉತ್ತರಾಧಿಕಾರ ಕಾನೂನಿನ ಪ್ರಕಾರ ಹೋಗುತ್ತದೆ. ಒಕ್ಕದ (ಕೊಡವ ಮನೆತನದ) ಪಟ್ಟೆದಾರರ, ಅಂದರೆ ಹಿರಿಯರ, ಸಹಿಯೊಂದೇ ಸಾಲದು. ಮದುವೆಯಾಗಿ ಬೇರೆ ಮನೆ ಸೇರಿದ ಹೆಣ್ಣುಮಕ್ಕಳೂ ಸೇರಿದಂತೆ ವಾರಸುದಾರರೆಲ್ಲರ ಸಹಿ ಬೇಕು. ಪತ್ರ ಉದ್ದ ಬೇಡ. ಹೀಗಿದ್ದರೆ ಸಾಕು:

“... ಅವರು ಬರೆದ, ... ರಲ್ಲಿ ಪ್ರಕಟವಾದ ‘...’ ಕೃತಿಯ ಕೃತಿಸ್ವಾಮ್ಯ ನಮ್ಮದು. ಈ ಕೃತಿಯನ್ನು ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0 ಪರವಾನಗಿಯಡಿ ಬಿಡುಗಡೆ ಮಾಡುತ್ತಿದ್ದೇವೆ. ಲೇಖಕರ ಹೆಸರು ಹೇಳಿ, ಇದೇ ಪರವಾನಗಿಯಲ್ಲಿ, ಯಾರು ಬೇಕಾದರೂ ನಕಲು ಮಾಡಬಹುದು, ಬದಲಿಸಬಹುದು, ವಾಣಿಜ್ಯಕ್ಕೂ ಬಳಸಬಹುದು. ಇದನ್ನು ಹಿಂದಕ್ಕೆ ಪಡೆಯಲಾಗದೆಂದು ತಿಳಿದಿದ್ದೇವೆ.”

ಕೊನೆಯ ಎರಡು ವಾಕ್ಯಗಳನ್ನು ಮುಚ್ಚಿಡಬೇಡಿ, ಸಹಿಗೆ ಮೊದಲು ಓದಿ ಹೇಳಿ. ವಾಣಿಜ್ಯ ಬಳಕೆ ಬೇಡ ಎಂದರೆ ಅವರ ಮಾತಿಗೆ ಬೆಲೆ ಕೊಡಿ. ಆಗ ಬೇರೆ ಪರವಾನಗಿ ಆರಿಸಬಹುದು, ಆದರೆ ಅಂಥ ಪುಸ್ತಕವನ್ನು ವಿಕಿಪೀಡಿಯ ಬಳಗದ ಕಡತ ಭಂಡಾರವಾದ ವಿಕಿಮೀಡಿಯಾ ಕಾಮನ್ಸ್ ತೆಗೆದುಕೊಳ್ಳುವುದಿಲ್ಲ. ಇಂಟರ್ನೆಟ್ ಆರ್ಕೈವ್‌ಗೆ ಏರಿಸಬೇಕು.

ಯಾರೂ ಒಪ್ಪದಿದ್ದರೆ? ವಾಣಿಜ್ಯ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಮುದ್ರಿತ ಪ್ರತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಆ ಪುಸ್ತಕವಿದ್ದರೆ ಗ್ರಂಥಾಲಯದ ಮೂಲಕವೇ ಸ್ಕ್ಯಾನ್ ಮಾಡಿಸಿ. ಅಂತರ್ಜಾಲಕ್ಕೆ ಈಗ ಏರಿಸುವಂತಿಲ್ಲ, ಆದರೆ ಪುಸ್ತಕ ಅಳಿಯುವುದಿಲ್ಲ.

ಹೆಜ್ಜೆ 4: ಒಣಗಿಸಿ, ಶುಚಿ ಮಾಡಿ

ಈ ಕೆಲಸಕ್ಕೆ ಒಣ ಹವೆಯ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಕಾಫಿ ಕೊಯ್ಲೂ ಅದೇ ಹೊತ್ತಿಗೆ ಬರುವುದರಿಂದ ಸಹಾಯಕ್ಕೆ ಬರುವವರ ಜೊತೆ ಮೊದಲೇ ದಿನ ಗೊತ್ತುಮಾಡಿಕೊಳ್ಳಿ.

ಬೂಷ್ಟು ಹಿಡಿದ ಪುಸ್ತಕವನ್ನು ಬಿಸಿಲಿಗೆ ಹರಡಬೇಡಿ, ಒಲೆಯ ಮೇಲಿನ ಅಟ್ಟಕ್ಕೂ ಹಾಕಬೇಡಿ. ಕಾಗದ ಗರಿಗರಿಯಾಗಿ ಮುರಿಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ಪುಸ್ತಕವನ್ನು ನಿಲ್ಲಿಸಿ ಹಾಳೆ ಬಿಡಿಸಿ; ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಮನೆಯ ಹೊರಗೆ ಕೊಡವಿ. ಎನ್-95 ಮಾಸ್ಕ್ ಹಾಕಿಕೊಳ್ಳಲೇಬೇಕು. ಒದ್ದೆ ಇರುವಾಗ ಉಜ್ಜಿದರೆ ಬೂಷ್ಟು ಕಾಗದದೊಳಕ್ಕೆ ಇಳಿದು ಕಲೆ ಶಾಶ್ವತವಾಗುತ್ತದೆ. ಪೂರ್ತಿ ನೆನೆದ ಪುಸ್ತಕದಲ್ಲಿ ಎರಡು ಮೂರು ದಿನಕ್ಕೆ ಬೂಷ್ಟು ಬರತೊಡಗುತ್ತದೆ. ಅಷ್ಟರಲ್ಲಿ ಒಣಗಿಸಲಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಡೀಪ್ ಫ್ರೀಜರ್‌ನಲ್ಲಿಟ್ಟು ಸಮಯ ಪಡೆಯಬಹುದು. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ ಹಿಂಬದಿಯ ಕಾಲುಗಳನ್ನು ಮೇಲೆತ್ತಿ ಬಿಡಿಸಿ.

ಹೆಜ್ಜೆ 5: ಚಿತ್ರ ತೆಗೆಯಿರಿ

ಚಪ್ಪಟೆ ಸ್ಕ್ಯಾನರ್‌ ಮೇಲೆ ಹಳೆಯ ಪುಸ್ತಕವನ್ನು ಒತ್ತಿದರೆ ಬೆನ್ನು ಒಡೆಯುತ್ತದೆ. ಬಿಡಿ ಹಾಳೆಗಳಿಗಷ್ಟೇ ಅದನ್ನು ಬಳಸಿ; ಕನಿಷ್ಠ 300 ಡಿಪಿಐ (ಇಂಚಿಗೆ 300 ಚುಕ್ಕೆ), ಒತ್ತಕ್ಷರ ತೀರ ಸಣ್ಣದಿದ್ದರೆ 400. ಬೈಂಡಾದ ಪುಸ್ತಕಕ್ಕೆ 12 ಮೆಗಾಪಿಕ್ಸೆಲ್‌ನ ಮೊಬೈಲ್ ಕ್ಯಾಮೆರಾ ಸಾಕು: ಪುಸ್ತಕ ತೆರೆದಾಗ ಎ4 ಅಳತೆಯಾದರೆ ಎರಡೂ ಪುಟ ಒಟ್ಟಿಗೆ ತೆಗೆದರೂ ಸುಮಾರು 340 ಡಿಪಿಐ ಸಿಗುತ್ತದೆ.

ಕೆಳಗೆ ಕಪ್ಪು ಬಟ್ಟೆ ಹಾಸಿ. ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು ಪುಸ್ತಕದ ಜಾಗದಲ್ಲಿ ಒಂದು ಕನ್ನಡಿ ಇಡಿ. ಪರದೆಯ ನಡುಮಧ್ಯ ಮೊಬೈಲಿನ ಲೆನ್ಸೇ ಕಂಡರೆ ಕ್ಯಾಮೆರಾ ಓರೆಯಾಗಿಲ್ಲ ಎಂದರ್ಥ. ಎರಡು ಬದಿಗೂ ಒಂದೇ ಬಗೆಯ ದೀಪವನ್ನು 45 ಡಿಗ್ರಿ ಓರೆಯಲ್ಲಿಡಿ. ಫ್ಲ್ಯಾಶ್ ಬೇಡ, ಅಕ್ಷರದ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ಮೊದಲು ಎಲ್ಲ ಬಲಪುಟ, ಆಮೇಲೆ ಎಲ್ಲ ಎಡಪುಟ ತೆಗೆದರೆ ಪುಸ್ತಕವನ್ನು ಅಲುಗಿಸುವುದು ಕಡಿಮೆಯಾಗುತ್ತದೆ. ಖಾಲಿ ಪುಟ, ರಕ್ಷಾಪುಟ, ಬೆಲೆ ಮತ್ತು ಮುದ್ರಣಾಲಯದ ವಿವರವಿರುವ ಪುಟ ಯಾವುದನ್ನೂ ಬಿಡಬೇಡಿ. ಹಕ್ಕಿನ ಪುರಾವೆ ಅಲ್ಲೇ ಇರುತ್ತದೆ.

ಕಡತಗಳಿಗೆ ಪುಟಗಳ ಕ್ರಮದಲ್ಲಿ 0001, 0002 ಎಂದೇ ಹೆಸರಿಡಿ. 1, 2, 10 ಎಂದಿಟ್ಟರೆ ಕೆಲವು ತಂತ್ರಾಂಶಗಳಲ್ಲಿ 10 ಬಂದು 2ಕ್ಕಿಂತ ಮುಂದೆ ಕೂರುತ್ತದೆ. ಎ5 ಅಳತೆಯ ಪುಟ 300 ಡಿಪಿಐನಲ್ಲಿ, ಕುಗ್ಗಿಸದೆ, ಸುಮಾರು 13 ಎಂಬಿ. 200 ಪುಟಕ್ಕೆ 2.6 ಜಿಬಿ. ಅದನ್ನು ಎರಡು ಹಾರ್ಡ್‌ ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಊರಿನ ಮನೆಯಲ್ಲಿರಲಿ. ಏರಿಸಲು ಕುಗ್ಗಿಸಿದ ಪಿಡಿಎಫ್ ಸಾಕು.

ಹೆಜ್ಜೆ 6: ಚಿತ್ರವನ್ನು ಅಕ್ಷರವಾಗಿಸಿ

ಬರೀ ಚಿತ್ರವಿದ್ದರೆ ಗೂಗಲ್‌ನಲ್ಲಿ ಹುಡುಕಿದವರಿಗೆ ಒಳಗಿನ ಮಾತು ಸಿಗದು, ದೃಷ್ಟಿ ಇಲ್ಲದವರಿಗೆ ಪರದೆ ಓದುವ ತಂತ್ರಾಂಶ ಏನನ್ನೂ ಓದಿಹೇಳದು. ಪುಟದ ಚಿತ್ರವನ್ನು 2 ಎಂಬಿಗಿಂತ ಕಡಿಮೆ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಯೂನಿಕೋಡ್ ಕನ್ನಡ ಪಠ್ಯ ಸಿಗುತ್ತದೆ. ಉಚಿತ ತಂತ್ರಾಂಶ ಟೆಸರಾಕ್ಟ್ ಕೂಡ ಕನ್ನಡ ಓದುತ್ತದೆ.

ಹಳೆಯ ಅಚ್ಚುಮೊಳೆಯ ಪುಟದಲ್ಲಿ ಪ–ಷ, ಬ–ಭ, ದ–ಧ ಅದಲುಬದಲಾಗುತ್ತವೆ, ಅರ್ಕಾವತ್ತು ಕಳೆದುಹೋಗುತ್ತದೆ, ಸೊನ್ನೆಯ ಅಂಕಿ (೦) ಅನುಸ್ವಾರವಾಗುತ್ತದೆ. ಕನ್ನಡ ಲಿಪಿಯಲ್ಲಿರುವ ಕೊಡವ ಪಠ್ಯದಲ್ಲಿ ಹೆಚ್ಚು ಎಚ್ಚರ ಬೇಕು: ಯಂತ್ರ ಕಲಿತಿರುವುದು ಕನ್ನಡ ಪದಗಳನ್ನು, ಹಾಗಾಗಿ ಕೊಡವ ಪದವನ್ನು ಹತ್ತಿರದ ಕನ್ನಡ ಪದಕ್ಕೆ ತಿರುಗಿಸಿಬಿಡಬಹುದು, ನೋಡಿದವರಿಗೆ ತಪ್ಪೆಂದು ಕಾಣುವುದೇ ಇಲ್ಲ. ಆ ಭಾಷೆ ಮನೆಮಾತಾಗಿರುವವರೇ ಕರಡು ತಿದ್ದಬೇಕು. ಹಳೆಯ ಕಾಗುಣಿತವನ್ನು ಇಂದಿನದಕ್ಕೆ ಬದಲಿಸಬೇಡಿ.

ಹೆಜ್ಜೆ 7: ಎಲ್ಲಿಗೆ ಏರಿಸಬೇಕು

ಇಂಟರ್ನೆಟ್ ಆರ್ಕೈವ್ ಸುಲಭ. ಖಾತೆ ತೆರೆದು, ಪಿಡಿಎಫ್ ಏರಿಸಿ, ಶೀರ್ಷಿಕೆ, ಲೇಖಕರು, ಅವರ ಸಾವಿನ ವರ್ಷ, ಮುದ್ರಣ, ಭಾಷೆ, ಹಕ್ಕಿನ ಸ್ಥಿತಿ ತುಂಬಿ. ಪುಟದ ವಿಳಾಸಕ್ಕೆ ಕೊಡುವ ಗುರುತು ಮುಂದೆ ಬದಲಾಗದು, ಯೋಚಿಸಿ ಕೊಡಿ.

ಮೂಲ ಕೃತಿಗಳ ಮುಕ್ತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರ, ತಿದ್ದಿದ ಪಠ್ಯ ಅಕ್ಕಪಕ್ಕ ನಿಲ್ಲುತ್ತವೆ. ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ಪರಿಶೀಲಿಸಿದ್ದು ಹಸಿರು. ಅದಕ್ಕೆ ಪುಸ್ತಕವನ್ನು ಮೊದಲು ವಿಕಿಮೀಡಿಯಾ ಕಾಮನ್ಸ್‌ಗೆ ಹಾಕುವುದು ರೂಢಿ, ಕಾಮನ್ಸ್‌ಗೆ ಕೃತಿ ಭಾರತದಲ್ಲೂ ಅಮೆರಿಕದಲ್ಲೂ ಮುಕ್ತವಾಗಿರಬೇಕು. ಲೇಖಕರು 1941ಕ್ಕೆ ಮೊದಲು ತೀರಿಕೊಂಡು, ಕೃತಿ ಅವರ ಕಾಲದಲ್ಲೇ ಅಚ್ಚಾಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆಮೇಲೆ ತೀರಿಕೊಂಡವರ ಕೃತಿಗೆ ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷ ಕಳೆದಿರಬೇಕು. ಅಪ್ಪಚ್ಚ ಕವಿಯ 1906ರ ‘ಯಯಾತಿ’ ಈ ಲೆಕ್ಕದಲ್ಲೂ ಮುಕ್ತ. ಇದನ್ನು ನೋಡದೆ ಹಾಕಿದ ಪುಸ್ತಕಗಳು ಅಳಿಸಿಹೋಗುತ್ತವೆ, ತಿಂಗಳುಗಟ್ಟಲೆ ತಿದ್ದಿದವರ ಶ್ರಮ ನೀರುಪಾಲಾಗುತ್ತದೆ.

ನೋಟಿಸ್ ಬಂದರೆ

ಹಕ್ಕುದಾರರೆನ್ನುವವರು ಜಾಲತಾಣಕ್ಕೆ ದೂರು ಕೊಡಬಹುದು. ಕೃತಿಸ್ವಾಮ್ಯ ನಿಯಮ 2013ರ 75ನೇ ನಿಯಮದಂತೆ, ದೂರಿನಲ್ಲಿ ಕೃತಿ ಯಾವುದು, ತಮ್ಮ ಹಕ್ಕೇನು, ಅದು ಜಾಲದಲ್ಲಿ ಎಲ್ಲಿದೆ ಎಂಬ ವಿವರವಿರಬೇಕು. ದೂರು ಸರಿಯೆನಿಸಿದರೆ ತಾಣ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. ದೂರುದಾರರು 21 ದಿನದೊಳಗೆ ನ್ಯಾಯಾಲಯದ ಆದೇಶ ತರದಿದ್ದರೆ ತಾಣ ಮತ್ತೆ ತೆರೆಯಬಹುದು.

ನೋಟಿಸ್ ಸಿಕ್ಕ ದಿನವೇ ಮೊದಲ ಹೆಜ್ಜೆಯ ಚೀಟಿ, ಅನುಮತಿ ಪತ್ರ, ಮುದ್ರಣದ ಪುಟದ ಚಿತ್ರ ಮೂರನ್ನೂ ಸೇರಿಸಿ ತಾಣಕ್ಕೂ ದೂರುದಾರರಿಗೂ ಉತ್ತರ ಬರೆಯಿರಿ. ಅವರ ಮಾತೇ ಸರಿಯಿದ್ದರೆ ತೆಗೆದುಬಿಡಿ: ಉಲ್ಲಂಘನೆಗೆ 63ನೇ ಸೆಕ್ಷನ್‌ನಡಿ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಲಾಭದ ಉದ್ದೇಶ ಇಲ್ಲದಿದ್ದರೆ ನ್ಯಾಯಾಲಯ ಇದನ್ನು ಕಡಿಮೆ ಮಾಡಬಹುದು. ತೆಗೆದರೂ ಸ್ಕ್ಯಾನಿನ ಮೂಲವನ್ನು ಅಳಿಸುವ ಮೊದಲು, ಆ ಪುಸ್ತಕವಿರುವ ಗ್ರಂಥಾಲಯದ ಸಂರಕ್ಷಣಾ ಪ್ರತಿಯಾಗಿ ಅದನ್ನು ಉಳಿಸಲು ಒಪ್ಪುತ್ತೀರಾ ಎಂದು ಹಕ್ಕುದಾರರನ್ನೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.