ಕಾರಿನ ಬ್ಯಾಟರಿ ನೀವೇ ಬದಲಾಯಿಸ್ತೀರಾ? ಮೊದಲು ಮೈನಸ್ ಬಿಚ್ಚಿ

ಗೆಳೆಯರೇ, ಕಾರಿನ ಬ್ಯಾಟರಿ ಬದಲಾಯಿಸುವುದು ಮನೆಯಲ್ಲೇ ಮಾಡಬಹುದಾದ ಕೆಲಸ. ಎಷ್ಟೋ ಕಾರುಗಳಿಗೆ 10 ನಂಬರ್ ಸ್ಪ್ಯಾನರ್ ಸಾಕು. ಒಂದು ಮಾತ್ರ ಮರೆಯಬೇಡಿ. ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಉಲ್ಟಾ: ಮೊದಲು ಪ್ಲಸ್, ಕೊನೆಗೆ ಮೈನಸ್.

ಯಾಕೆ ಅಂದ್ರೆ, ಈಗಿನ ಕಾರುಗಳಲ್ಲಿ ಇಡೀ ಬಾಡಿ ಮೈನಸ್‌ಗೆ ಸೇರಿರುತ್ತದೆ. ಮೈನಸ್ ಇರುವಾಗಲೇ ಪ್ಲಸ್ ನಟ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಅಲ್ಲೇ ಶಾರ್ಟ್! ಕಿಡಿ ಹಾರುತ್ತದೆ, ಕೈ ಸುಡುತ್ತದೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲವೂ ಬರುವುದರಿಂದ ಸಿಡಿಯುವ ಅಪಾಯವೂ ಇದೆ. ಉಂಗುರ, ಬಳೆ, ವಾಚ್ ಮೊದಲೇ ತೆಗೆದಿಡಿ. ಕನ್ನಡಕ ಹಾಕಿಕೊಂಡರೆ ಇನ್ನೂ ಒಳ್ಳೆಯದು, ಒಳಗಿರುವುದು ಆ್ಯಸಿಡ್ ಅಲ್ವಾ.

ಹೊಸದು ಕೊಳ್ಳುವಾಗ ಹಳೆಯದರ ಫೋಟೋ ತೆಗೆದುಕೊಂಡು ಹೋಗಿ. ಸೈಜ್, ಆಂಪಿಯರ್ ಸರಿಯಿದ್ದೂ ಪ್ಲಸ್ ಬೇರೆ ಬದಿಗಿದ್ದರೆ ವೈರ್ ಎಟುಕುವುದಿಲ್ಲ. ಸುಮ್ನೆ ಎರಡು ಸಲ ಅಂಗಡಿಗೆ ಓಡಾಟ.

ವೈರಿನ ತುದಿಯಲ್ಲಿ ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಅಡುಗೆ ಸೋಡಾ ಬೆರೆಸಿದ ಬಿಸಿನೀರು, ಹಳೇ ಟೂತ್‌ಬ್ರಷ್ ಹಿಡಿದು ಉಜ್ಜಿ. ಚೆನ್ನಾಗಿ ಒಣಗಿಸಿ ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿ. ಬ್ಯಾಟರಿ ಅಲುಗದಂತೆ ಹಿಡಿಯುವ ಕ್ಲಾಂಪ್ ಕೂಡ ಬಿಗಿ ಇರಲಿ. ನಮ್ಮ ಹಳ್ಳ-ದಿಣ್ಣೆ ರಸ್ತೆಯಲ್ಲಿ ಅದು ತುಂಬಾ ಮುಖ್ಯ.

ಹಳೇ ಬ್ಯಾಟರಿಯನ್ನು ದಯವಿಟ್ಟು ಕಸಕ್ಕೆ ಹಾಕಬೇಡಿ, ಅದರಲ್ಲಿ ಸೀಸ ಇದೆ. ಹೊಸದು ಕೊಂಡ ಅಂಗಡಿಗೇ ಕೊಡಿ, ಸಾಮಾನ್ಯವಾಗಿ ಬೆಲೆಯಲ್ಲಿ ಕಡಿಮೆ ಮಾಡುತ್ತಾರೆ.