ಸೊನ್ನೆ ಬಿಲ್ ಬರುತ್ತಿದ್ದ ಮನೆಗೆ 215 ಯೂನಿಟ್ ಬಂದಾಗ

2025ರ ಮೇ ಮೊದಲ ವಾರ ಬಂದ ಕರೆಂಟ್ ಬಿಲ್ ನೋಡಿ ನನಗೆ ನಂಬಲಿಕ್ಕೇ ಆಗಲಿಲ್ಲ. 215 ಯೂನಿಟ್. ಕಟ್ಟಬೇಕಾದದ್ದು ಸಾವಿರದ ಏಳುನೂರು ಚಿಲ್ಲರೆ. ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದಮೇಲೆ ನಮ್ಮನೆಗೆ ಬರುತ್ತಿದ್ದದ್ದು ಸೊನ್ನೆ ಬಿಲ್. ಅದನ್ನು ಮಡಚಿ ಡ್ರಾಯರ್‌ಗೆ ಹಾಕಿದರೆ ಮುಗಿಯಿತು, ಓದುತ್ತಲೇ ಇರಲಿಲ್ಲ. ಮಾರ್ಚ್ ಬಳಕೆಗೆ ನೂರು ಚಿಲ್ಲರೆ ರೂಪಾಯಿ ಬಂದಾಗಲೂ "ಬೇಸಿಗೆ ಅಲ್ವಾ" ಅಂತ ಸುಮ್ನೆ ಕಟ್ಟಿದ್ದೆ.

ನಾವಿರುವುದು ದಾವಣಗೆರೆಯಲ್ಲಿ, ಮೂರು ಮನೆಯ ಕಟ್ಟಡದ ಮೊದಲ ಮಹಡಿ, ಬಾಡಿಗೆಗೆ. ಕೆಳಗೆ ಓನರ್, ಮೇಲೆ ಇನ್ನೊಂದು ಕುಟುಂಬ. "ಕೂಲರ್ ಜಾಸ್ತಿ ಓಡಿಸಿದ್ದೀವಿ, ಕಟ್ಟಿಬಿಡು" ಅಂದರು ನಮ್ಮನೆಯವರು. ಆದರೆ ಕೂಲರ್ ಒಂದರಿಂದ ನೂರು ಯೂನಿಟ್ ಏರುತ್ತಾ? ನನಗೆ ಸಮಾಧಾನ ಆಗಲಿಲ್ಲ. ಬಿಲ್ಲನ್ನು ಟೇಬಲ್ ಮೇಲೆ ಹರಡಿಕೊಂಡು ಒಂದೊಂದು ಸಾಲು ಓದುತ್ತಾ ಹೋದೆ.

ಮೊದಲು ನೋಡಿದ್ದು ಆರ್‌ಆರ್ ನಂಬರ್, ಅಂದರೆ ಒಂದೊಂದು ಸಂಪರ್ಕಕ್ಕೂ ಕೊಟ್ಟಿರುವ ಗುರುತಿನ ಸಂಖ್ಯೆ. ಒಂದೇ ಬೋರ್ಡ್ ಮೇಲೆ ನಾಲ್ಕು ಮೀಟರ್ ಇರುವ ಕಡೆ ನಿಮ್ಮ ಬಿಲ್ಲಿನ ನಂಬರ್ ನಿಮ್ಮ ಮೀಟರಿನದೇನಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ನಮ್ಮದು ಸರಿ ಇತ್ತು. ಆಮೇಲೆ ರೀಡಿಂಗ್. ಈಗಿನದು 6627, ಹಿಂದಿನದು 6412, ಕಳೆದರೆ 215. ಕೆಳಗೆ ಹೋಗಿ ಮೀಟರ್ ನೋಡಿದೆ, 6641 ತೋರಿಸುತ್ತಿತ್ತು. ಬಿಲ್ ಬಂದು ಎರಡು ದಿನ ಆಗಿತ್ತು. ಅಂದರೆ ರೀಡಿಂಗ್ ತಪ್ಪು ಬರೆದಿಲ್ಲ. ಎರಡೇ ದಿನಕ್ಕೆ 14 ಯೂನಿಟ್ ಓಡಿದೆ ಅಂತಲೂ ಅಲ್ಲೇ ಗೊತ್ತಾಯಿತು.

ಇನ್ನು ದುಡ್ಡಿನ ಲೆಕ್ಕ. ಮನೆ ಬಳಕೆಗೆ ಈಗ ಕರ್ನಾಟಕದಲ್ಲಿ ಸ್ಲ್ಯಾಬ್ ಇಲ್ಲ, 2024ರ ಏಪ್ರಿಲ್‌ನಿಂದ ಎಲ್ಲ ಯೂನಿಟ್ಟಿಗೂ ಒಂದೇ ದರ. ಆಗ 5.90 ರೂಪಾಯಿ ಇತ್ತು, 2025ರ ಏಪ್ರಿಲ್‌ನಿಂದ 5.80. ಹತ್ತು ಪೈಸೆ ಇಳಿಯಿತು ಅಂತ ಖುಷಿಪಡುವ ಹಾಗಿಲ್ಲ, ಯಾಕಂದರೆ ನಿಗದಿತ ಶುಲ್ಕ ಒಂದು ಕಿಲೋವ್ಯಾಟಿಗೆ 120ರಿಂದ 145 ಆಯಿತು, ಅದರ ಜೊತೆಗೆ ವಿದ್ಯುತ್ ಸಿಬ್ಬಂದಿಯ ಪಿಂಚಣಿ, ಗ್ರಾಚ್ಯುಟಿಗೆ ಅಂತ ಯೂನಿಟ್ಟಿಗೆ 36 ಪೈಸೆ ಹೊಸದಾಗಿ ಸೇರಿತು. ನಮ್ಮ ಮಂಜೂರಾದ ಲೋಡ್, ಅಂದರೆ ಒಟ್ಟಿಗೆ ಎಳೆಯಲು ಅನುಮತಿ ಇರುವಷ್ಟು, 2 ಕಿಲೋವ್ಯಾಟ್. ಹಾಗಾಗಿ ನಿಗದಿತ ಶುಲ್ಕ 290. ಮನೆಗೆ ಬೀಗ ಹಾಕಿ ಊರಿಗೆ ಹೋಗಿದ್ದರೂ ಇದು ಬಿಲ್ಲಿನಲ್ಲಿ ಇದ್ದೇ ಇರುತ್ತೆ. 215 ಯೂನಿಟ್ಟಿಗೆ 5.80ರಂತೆ 1247. ಅದರ ಮೇಲೆ ಶೇಕಡಾ 9 ತೆರಿಗೆ, 112 ರೂಪಾಯಿ 23 ಪೈಸೆ. ಪಿಂಚಣಿ ಬಾಬ್ತು 77 ರೂಪಾಯಿ 40 ಪೈಸೆ. ಒಟ್ಟು 1726 ರೂಪಾಯಿ 63 ಪೈಸೆ. ಇದರ ಜೊತೆ ಇಂಧನ ಹೊಂದಾಣಿಕೆ ಅಂತ ಒಂದು ಸಾಲು ಇರುತ್ತೆ, ಕರೆಂಟ್ ಕೊಳ್ಳುವ ಖರ್ಚು ಏರಿದ ಇಳಿದ ಹಾಗೆ ಅದು ತಿಂಗಳು ತಿಂಗಳು ಬದಲಾಗುತ್ತೆ. ಅದನ್ನೂ ಸೇರಿಸಿದಾಗ ಬಿಲ್ಲಿನ ಮೊತ್ತಕ್ಕೆ ತಾಳೆ ಆಯಿತು. ಲೆಕ್ಕ ಸರಿ ಇದೆ. ಹಾಗಾದರೆ ಯೂನಿಟ್ಟೇ ಜಾಸ್ತಿ ಆಗಿದೆ.

ಗೃಹಜ್ಯೋತಿಯ ಲೆಕ್ಕ ತುಂಬಾ ಜನಕ್ಕೆ ಪೂರ್ತಿ ಗೊತ್ತಿಲ್ಲ, ನನಗೂ ಆವತ್ತೇ ಸರಿಯಾಗಿ ತಲೆಗೆ ಹೋಗಿದ್ದು. 200 ಯೂನಿಟ್ ಫ್ರೀ ಅಂದರೆ ಎಲ್ಲರಿಗೂ 200 ಫ್ರೀ ಅಂತ ಅಲ್ಲ. 2022-23ರಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಸಿದ್ದರೋ ಅದರ ಮೇಲೆ ಶೇಕಡಾ 10 ಸೇರಿಸಿ ನಮ್ಮಂಥ ಮನೆಗಳಿಗೆ ಮಿತಿ ಇಟ್ಟಿರುತ್ತಾರೆ. ನಮ್ಮ ಮೀಟರಿನ ಸರಾಸರಿ 110, ಹಾಗಾಗಿ ಮಿತಿ 121. ಅಷ್ಟರೊಳಗೆ ಇದ್ದರೆ ಸೊನ್ನೆ ಬಿಲ್. ಮಿತಿ ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್ಟಿಗೆ ಮಾತ್ರ ಕಟ್ಟಬೇಕು. 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. 201ನೇ ಯೂನಿಟ್ಟಿನ ಬೆಲೆ ಆರು ರೂಪಾಯಿ ಅಲ್ಲ, ನಮ್ಮಂಥವರಿಗೆ ಅದು ಸುಮಾರು ಸಾವಿರ ರೂಪಾಯಿ. ಅದಕ್ಕೇ ಆ 15 ಯೂನಿಟ್ ಎಲ್ಲಿಂದ ಬಂತು ಅಂತ ಹುಡುಕದೆ ಇರಲಿಕ್ಕೆ ನನ್ನಿಂದ ಆಗಲಿಲ್ಲ.

ಮೊದಲು ಮನೆಯೊಳಗಿನ ಲೆಕ್ಕ ಹಾಕಿದೆ. ಒಂದು ಯೂನಿಟ್ ಅಂದರೆ ಸಾವಿರ ವ್ಯಾಟ್ ಒಂದು ಗಂಟೆ ಓಡುವುದು, ಅಷ್ಟೇ. 2000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. 75 ವ್ಯಾಟಿನ ಹಳೆ ಫ್ಯಾನ್ ಹದಿಮೂರು ಗಂಟೆ ತಿರುಗಿದರೆ ಒಂದು ಯೂನಿಟ್. ಫ್ರಿಜ್ ದಿನಕ್ಕೆ ಹೆಚ್ಚುಕಮ್ಮಿ ಒಂದು. ಕೂಲರ್ ಸೇರಿಸಿ ಎಷ್ಟು ಎಳೆದಾಡಿದರೂ ತಿಂಗಳಿಗೆ 140 ದಾಟಲಿಲ್ಲ.

ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಾ ಇರುತ್ತೆ, ನೋಡಿದ್ದೀರಾ? ಅದರ ಪಕ್ಕ ಒಂದು ಸಂಖ್ಯೆ ಬರೆದಿರುತ್ತೆ. ನಮ್ಮದರಲ್ಲಿ 3200. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್. ಒಂದು ಮಧ್ಯಾಹ್ನ ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಕೆಳಗೆ ಹೋಗಿ ನೋಡಿದೆ. ದೀಪ ಮಿನುಗಲಿಲ್ಲ. ಎಲ್ಲೂ ಲೀಕ್ ಇಲ್ಲ, ಮೀಟರ್ ಸುಳ್ಳು ಓಡುತ್ತಿಲ್ಲ ಅಂತಾಯಿತು. ಅಲ್ಲಿಗೇ ಬಿಡಬಹುದಿತ್ತು. ಆದರೂ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಮೂರು ಸಲ, ಬೆಳಿಗ್ಗೆ ಆರಕ್ಕೆ, ಎಂಟಕ್ಕೆ, ರಾತ್ರಿ ಹತ್ತಕ್ಕೆ ರೀಡಿಂಗ್ ಬರೆಯಲು ಶುರು ಮಾಡಿದೆ.

ಐದನೇ ದಿನಕ್ಕೆ ವಿಷಯ ಕಣ್ಣಿಗೆ ಬಿತ್ತು. ಆರರಿಂದ ಎಂಟರ ಒಳಗೆ ಮೂರು ಯೂನಿಟ್ ಮೇಲೆ ಓಡುತ್ತಿತ್ತು. ಆ ಹೊತ್ತಿನಲ್ಲಿ ನಮ್ಮನೆಯಲ್ಲಿ ಗೀಸರ್ ಹದಿನೈದು ನಿಮಿಷ, ಮಿಕ್ಸಿ ಎರಡು ನಿಮಿಷ. ಎಲ್ಲ ಸೇರಿ ಒಂದು ಯೂನಿಟ್ ಆಗಬಹುದು. ಇನ್ನೆರಡು? ಆ ಹೊತ್ತಿನಲ್ಲಿ ಕಟ್ಟಡದಲ್ಲಿ ಇನ್ನೇನು ಓಡುತ್ತೆ ಅಂತ ಯೋಚಿಸಿದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರ್!

ಮಾರನೇ ದಿನ ಮೋಟರ್ ಹಾಕಿದ ಸದ್ದು ಕೇಳಿದ ತಕ್ಷಣ ನಮ್ಮ ಮೇನ್ ಆಫ್ ಮಾಡಿ ಓಡಿದೆ. ನಮ್ಮ ಮೀಟರಿನ ದೀಪ ಬಿಡುವಿಲ್ಲದೆ ಮಿನುಗುತ್ತಿತ್ತು. ಫೋನಿನಲ್ಲಿ ವಿಡಿಯೋ ಮಾಡಿಕೊಂಡು, ಆಮೇಲೆ ನಿಧಾನಕ್ಕೆ ಓಡಿಸಿ ಎಣಿಸಿದೆ. ಅರ್ಧ ನಿಮಿಷಕ್ಕೆ 27. ನಿಮಿಷಕ್ಕೆ 54, ಗಂಟೆಗೆ 3240. ಹೆಚ್ಚುಕಮ್ಮಿ ಗಂಟೆಗೆ ಒಂದು ಯೂನಿಟ್, ಒಂದು ಎಚ್‌ಪಿ ಮೋಟರ್ ಎಳೆಯುವಷ್ಟೇ. ಮಧ್ಯಾಹ್ನ ನೋಡಿದಾಗ ಮೋಟರ್ ಓಡುತ್ತಿರಲಿಲ್ಲ, ಅದಕ್ಕೇ ಏನೂ ಸಿಕ್ಕಿರಲಿಲ್ಲ. ಮೂರು ಮನೆಗೆ ಬೇಸಿಗೆಯ ನೀರು, ಬೆಳಿಗ್ಗೆ ಸಂಜೆ ಸೇರಿ ಎರಡೂವರೆ ಗಂಟೆ. ತಿಂಗಳಿಗೆ 75 ಯೂನಿಟ್. ಲೆಕ್ಕ ಕೂಡಿ ಬಂತು.

ವಿಡಿಯೋ, ನೋಟ್‌ಬುಕ್ ಎರಡನ್ನೂ ಹಿಡಿದು ಓನರ್ ಮನೆಗೆ ಹೋದೆ. "ಅಂಕಲ್, ಜಗಳಕ್ಕೆ ಬಂದಿಲ್ಲ, ಇದೊಂದು ನೋಡಿ" ಅಂದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಅಯ್ಯೋ, ಮಾರ್ಚ್ ಕೊನೆಯಲ್ಲಿ ಮೋಟರ್ ಲೈನ್ ಸುಟ್ಟು ಹೋಗಿತ್ತಲ್ಲಮ್ಮ, ಎಲೆಕ್ಟ್ರಿಷಿಯನ್ ಆಗ ತಾತ್ಕಾಲಿಕವಾಗಿ ಎಲ್ಲಿಂದಲೋ ಕೊಟ್ಟಿದ್ದ" ಅಂದರು. ಎಲ್ಲಿಂದಲೋ ಅಂದರೆ ನಮ್ಮ ಮೀಟರಿನಿಂದ ಹೊರಗೆ ಬರುವ ವೈರಿನಿಂದ. ನಾಲ್ಕನೇ ಮೀಟರ್ ಮೋಟರಿಗೆ ಅಂತಲೇ ಇದ್ದದ್ದು, ಸುಮ್ನೆ ನಿಂತಿತ್ತು. ಎರಡು ದಿನದಲ್ಲಿ ಹೊಸ ವೈರ್ ಎಳೆಸಿ ಮೋಟರನ್ನು ಅದಕ್ಕೆ ಸೇರಿಸಿದರು. ಆ ತಿಂಗಳ ಬಿಲ್ಲನ್ನು ನಾನು ಪೂರ್ತಿ ಕಟ್ಟಿದೆ, ಬಾಡಿಗೆಯಲ್ಲಿ ಸಾವಿರ ರೂಪಾಯಿ ಕಡಿಮೆ ತೆಗೆದುಕೊಂಡರು. ಎಣಿಸಿ ಬರೆದ ಸಂಖ್ಯೆ ಕೈಯಲ್ಲಿ ಇಲ್ಲದೆ "ಬಿಲ್ ಜಾಸ್ತಿ ಬಂದಿದೆ" ಅಂತ ಮಾತ್ರ ಹೇಳಿದ್ದರೆ ಅವರೂ ಕೂಲರ್ ಅಂತಲೇ ಹೇಳುತ್ತಿದ್ದರು ಅನಿಸುತ್ತೆ.

ಬಾಡಿಗೆದಾರರಿಗೆ ಇನ್ನೊಂದು ಮಾತು. ಬಿಲ್ಲಿನಲ್ಲಿ ಹೆಚ್ಚುವರಿ ಭದ್ರತಾ ಠೇವಣಿ ಅಂತ ಮೊತ್ತ ಬಂದರೆ ಅದು ನೀವು ಸುಟ್ಟ ಕರೆಂಟಿನ ದುಡ್ಡಲ್ಲ. ಬಳಕೆ ಏರಿದಾಗ ಎರಡು ತಿಂಗಳ ಬಿಲ್ಲಿಗೆ ಸಾಕಾಗುವಷ್ಟು ಠೇವಣಿ ಇರಲಿ ಅಂತ ಕೇಳುವುದು. ಅದು ಸಂಪರ್ಕ ಯಾರ ಹೆಸರಲ್ಲಿ ಇದೆಯೋ ಅವರ ಖಾತೆಗೆ ಹೋಗುತ್ತೆ, ಬಡ್ಡಿಯೂ ಆ ಖಾತೆಗೇ. ನೀವು ಕಟ್ಟಿದರೆ ಓನರ್ ಹತ್ತಿರ ಬರೆಸಿಟ್ಟುಕೊಳ್ಳಿ. ಬಿಲ್ಲಿನ ಫೋಟೋ ತೆಗೆದಿಡುವುದನ್ನೂ ಮರೆಯಬೇಡಿ, ಆ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತೆ. ನನ್ನ ಡ್ರಾಯರಿನಲ್ಲಿದ್ದ ಹಳೆಯವು ಬಹುತೇಕ ಖಾಲಿ ಕಾಗದ ಆಗಿದ್ದವು.

ಈಗ ದಿನಾ ಬರೆಯುವುದಿಲ್ಲ. ರೀಡಿಂಗ್ ಮಾಡಿಹೋದ ಮೇಲೆ ಹತ್ತನೇ ದಿನ, ಇಪ್ಪತ್ತನೇ ದಿನ ಒಂದು ಸಲ ನೋಡುತ್ತೇನೆ. ಹತ್ತು ದಿನಕ್ಕೆ 40 ಬಂದರೆ ನಮ್ಮ ಮಿತಿಯೊಳಗೆ ಇದ್ದೇವೆ. ಜೂನ್ ಬಳಕೆ 119 ಬಂತು, ಮತ್ತೆ ಸೊನ್ನೆ ಬಿಲ್. ಮೇಲಿನ ಮನೆಯ ಅಕ್ಕ ತಮ್ಮ ಬಿಲ್ ತಂದು ತೋರಿಸಿದ್ದಾರೆ. ಮೂರು ತಿಂಗಳಿಂದ ಯೂನಿಟ್ ಸಂಖ್ಯೆ ಬದಲಾಗದೆ ಅಷ್ಟಕ್ಕಷ್ಟೇ ಬರುತ್ತಿದೆ, ಡೋರ್ ಲಾಕ್, ರೀಡಿಂಗ್ ಸಿಗಲಿಲ್ಲ ಅಂತ ಸರಾಸರಿ ಹಾಕಿದ್ದಾರಾ ಅಥವಾ ಮೀಟರೇ ನಿಂತಿದೆಯಾ ನೋಡಬೇಕು. ಭಾನುವಾರ ಬೆಳಿಗ್ಗೆ ಇಬ್ಬರೂ ಕೆಳಗೆ ಹೋಗಿ ಆ ಕೆಂಪು ದೀಪ ನೋಡುತ್ತೇವೆ. ಮಿನುಗದಿದ್ದರೆ ಅಲ್ಲಿಂದಲೇ ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ದೂರು ಬರೆಸುವುದು ಅಂತ ಮಾತಾಡಿಕೊಂಡಿದ್ದೇವೆ.