ಕಾಫಿ ಮೂಟೆ ಎತ್ತುವವರಿಗೆ ತರಬೇತಿ ಕೊಡುವುದು ಹೇಗೆ?

ಕೊಡಗಿನಲ್ಲಿ ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಚುರುಕಾಗುತ್ತದೆ. ಜನವರಿಯಿಂದ ರೊಬಸ್ಟಾ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಲಾರಿಗಳದ್ದೇ ಸಾಲು. ತೋಟದಿಂದ ಬರುವ ಮೂಟೆ ಸಾಮಾನ್ಯವಾಗಿ 50 ಕೆ.ಜಿ., ಸಂಸ್ಕರಣೆಯಾಗಿ ರಫ್ತಿಗೆ ಹೊರಡುವ ಗೋಣಿಚೀಲ 60 ಕೆ.ಜಿ. ಲಾರಿಯಿಂದ ತಕ್ಕಡಿಗೆ, ತಕ್ಕಡಿಯಿಂದ ಗೋದಾಮಿಗೆ, ಅಲ್ಲಿಂದ ಒಣಗಿಸುವ ಕಣಕ್ಕೆ, ಯಂತ್ರದ ಬಾಯಿಗೆ, ಕೊನೆಗೆ ಮತ್ತೆ ಲಾರಿಗೆ ಎಂದು ಒಂದೇ ಕಾಫಿ ಹಲವು ಸಲ ಮನುಷ್ಯರ ಬೆನ್ನೇರುತ್ತದೆ. ಲಾರಿಗಳು ಗೇಟಿನ ಹೊರಗೆ ಕಾಯತೊಡಗಿದ ಮೇಲೆ ಯಾರಿಗೂ ಪಾಠ ಕೇಳುವ ವ್ಯವಧಾನವಿರುವುದಿಲ್ಲವಾದ್ದರಿಂದ, ತರಬೇತಿಯನ್ನು ಅಕ್ಟೋಬರಿನಲ್ಲಿಯೇ ಮುಗಿಸಿಕೊಳ್ಳುವುದು ಒಳ್ಳೆಯದು.

ಮೊದಲ ಪಾಠ ಹಮಾಲರಿಗಲ್ಲ, ಮೇಸ್ತ್ರಿಗಳಿಗೆ ಮತ್ತು ಗೋದಾಮಿನ ಮೇಲ್ವಿಚಾರಕರಿಗೆ. ‘ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಡಿ’ ಎಂದು ಹೇಳಿಕೊಟ್ಟ ಮಾತ್ರಕ್ಕೆ ಬೆನ್ನುನೋವು ತಪ್ಪುವುದಿಲ್ಲವೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ತಜ್ಞರು ಕಂಡುಕೊಂಡಿದ್ದಾರೆ. ಇದರಲ್ಲಿ ಅಚ್ಚರಿಯೇನಿಲ್ಲ: ಕಲಿತವನು ಮರುದಿನ ಕೆಲಸಕ್ಕೆ ಬಂದಾಗ ಮೂಟೆ ನೆಲದ ಮೇಲೆಯೇ ಬಿದ್ದಿದ್ದು, ಕೂಲಿಯೂ ಮೂಟೆಯ ಲೆಕ್ಕದಲ್ಲಿಯೇ ಇದ್ದರೆ ಅವನು ಹಳೆಯ ರೀತಿಯಲ್ಲಿಯೇ ಎತ್ತುತ್ತಾನೆ. ಆದ್ದರಿಂದ ಮೊದಲ ದಿನ ಮೇಸ್ತ್ರಿಗಳನ್ನು ಕರೆದುಕೊಂಡು ಮೂಟೆ ಸಾಗುವ ದಾರಿಯುದ್ದಕ್ಕೂ ನಡೆಯಿರಿ. ಎಲ್ಲೆಲ್ಲಿ ಮೂಟೆಯನ್ನು ನೆಲದಿಂದ ಎತ್ತಲಾಗುತ್ತದೆಯೋ ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿಸಿ. ಆ ಗುರುತುಗಳಲ್ಲಿ ಎಷ್ಟನ್ನು ಅಳಿಸಬಹುದು ಎಂಬುದೇ ತರಬೇತಿಯ ಅರ್ಧ ಭಾಗ.

ಮೇಸ್ತ್ರಿಗಳಿಗೆ ಕೆಲವು ಅಂಕಿಗಳು ಗೊತ್ತಿರಬೇಕು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿರುವಾಗ ಒಬ್ಬರು ಎತ್ತಬಹುದಾದ ಭಾರ 23 ಕೆ.ಜಿ. ಅನುಕೂಲವೆಂದರೆ ಹಿಡಿತ ನೆಲದಿಂದ ಸುಮಾರು 75 ಸೆಂ.ಮೀ. ಎತ್ತರದಲ್ಲಿ, ಪಾದದ ಕೀಲಿನಿಂದ 25 ಸೆಂ.ಮೀ.ಗಿಂತ ದೂರವಿಲ್ಲದಂತೆ, ಸೊಂಟ ತಿರುಚದೆ, ಬಿಡುವು ಕೊಟ್ಟು ಎತ್ತುವುದು. ಅದೇ ಹಿಡಿತ 50 ಸೆಂ.ಮೀ. ದೂರ ಹೋದರೆ ಮಿತಿ ಅರ್ಧಕ್ಕಿಳಿಯುತ್ತದೆ. ಹಾಗೆ ನೋಡಿದರೆ 50 ಕೆ.ಜಿ. ಮೂಟೆ ಒಬ್ಬರ ಕೆಲಸವೇ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸು ಹೆಚ್ಚು ಉದಾರವಾದದ್ದು. ಅದು ವಯಸ್ಕ ಪುರುಷನಿಗೆ 55 ಕೆ.ಜಿ. ಎಂದಿತು. ರಫ್ತಿನ ಚೀಲ ಆ ಮಿತಿಯನ್ನೂ ಮೀರುತ್ತದೆ. ಗಾಯವಾಗುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದೆಂದು ನಮ್ಮ 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಪ್ರಕರಣವೇ ಹೇಳಿತ್ತು.

ನೆಲದ ಗುರುತುಗಳನ್ನು ಅಳಿಸಲು ದೊಡ್ಡ ಬಂಡವಾಳವೇನೂ ಬೇಕಿಲ್ಲ. ಸರಕು ಇಡುವ ಮರದ ಮಣೆಗಳಾದ ನಾಲ್ಕೈದು ಖಾಲಿ ಪ್ಯಾಲೆಟ್‌ಗಳನ್ನು ಅಲುಗಾಡದಂತೆ ಒಂದರ ಮೇಲೊಂದು ಪೇರಿಸಿದರೆ ಬಹುತೇಕ ಸೊಂಟದ ಮಟ್ಟ ಸಿಗುತ್ತದೆ. ತಕ್ಕಡಿಯ ಪಕ್ಕದಲ್ಲಿ, ಚೀಲ ಹೊಲಿಯುವ ಜಾಗದಲ್ಲಿ ಇಂಥ ಒಂದೊಂದು ಕಟ್ಟೆ ಇದ್ದರೆ ಮೂಟೆ ಮತ್ತೆ ನೆಲ ಮುಟ್ಟಬೇಕಾಗಿಲ್ಲ. ಸಮತಟ್ಟಾದ ದಾರಿಯಲ್ಲೆಲ್ಲ ಎರಡು ಚಕ್ರದ ಕೈಗಾಡಿ ಸಾಕು. ನೆಲವನ್ನು ಗುಡಿಸುವ ಕೆಲಸವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಸಿಮೆಂಟ್ ನೆಲದ ಮೇಲೆ ಚೆಲ್ಲಿದ, ಒಳಸಿಪ್ಪೆ ಇನ್ನೂ ಉಳಿದಿರುವ ಒಂದು ಹಿಡಿ ಪಾರ್ಚ್‌ಮೆಂಟ್ ಕಾಳು ಕಾಲಡಿಯಲ್ಲಿ ಗೋಲಿಯಂತೆ ಉರುಳುತ್ತದೆ. ಹವಾಯಿ ಚಪ್ಪಲಿ ತೊಟ್ಟು ಮೂಟೆ ಹೊತ್ತವನಿಗೆ ತನ್ನ ಪಾದದ ಮುಂದೆ ಏನಿದೆಯೆಂಬುದೇ ಕಾಣುವುದಿಲ್ಲ.

ಎರಡನೆಯ ದಿನ ಕೆಲಸಗಾರರ ಸರದಿ. ಎಂಟು ಹತ್ತು ಜನರಿಗಿಂತ ಹೆಚ್ಚಿನ ಗುಂಪು ಬೇಡ. ಸಭಾಂಗಣವೂ ಬೇಡ, ಗೋದಾಮಿನಲ್ಲಿಯೇ ಕಲಿಸಿ. ಮೊದಲು 15 ಕೆ.ಜಿ. ತುಂಬಿದ ಗೋಣಿಗಳಿಂದ ಅಭ್ಯಾಸ ಮಾಡಿಸಿ. ಪಾದಗಳು ಮೂಟೆಯ ಇಕ್ಕೆಲದಲ್ಲಿರಲಿ, ಒಂದು ಪಾದ ತುಸು ಮುಂದಿರಲಿ. ಮಂಡಿ ಮತ್ತು ಸೊಂಟ ಎರಡನ್ನೂ ಮಡಿಸಿ, ಎದೆ ಮೇಲಕ್ಕಿರುವಂತೆ ಕುಳಿತು, ಎತ್ತುವ ಮುನ್ನ ಮೂಟೆಯನ್ನು ಮೈಗೆ ತಾಗುವಂತೆ ಎಳೆದುಕೊಳ್ಳಬೇಕು. ಮೊದಲು ತೊಡೆಯ ಮೇಲೆ, ಆಮೇಲೆ ಹೊಟ್ಟೆಯ ಮಟ್ಟಕ್ಕೆ. ತಿರುಗಬೇಕಾದಾಗ ಪಾದಗಳನ್ನೇ ತಿರುಗಿಸಬೇಕು. ಕಾಲು ಊರಿದಲ್ಲಿಯೇ ಇದ್ದು ಸೊಂಟ ಮಾತ್ರ ತಿರುಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳಿಗೆ ಹೆಚ್ಚು ಪೆಟ್ಟು.

ತರಬೇತಿ ಕೊಡುವವರು ಮುಖ್ಯವಾಗಿ ಗಮನಿಸಬೇಕಾದದ್ದು ಒಂದಿದೆ. ಎತ್ತುವಾಗ ಭುಜಕ್ಕಿಂತ ಮೊದಲು ಪೃಷ್ಠ ಮೇಲೇರಿತೆಂದರೆ ಕಾಲುಗಳು ಭಾರ ಹೊರದೆಯೇ ನೆಟ್ಟಗಾದವು, ಭಾರವೆಲ್ಲ ಬೆನ್ನಿಗೆ ಬಿತ್ತು ಎಂದರ್ಥ. ಮಾಡುತ್ತಿರುವವನಿಗೆ ಇದು ತಿಳಿಯುವುದಿಲ್ಲ. ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ಅವನಿಗೇ ತೋರಿಸಿದರೆ ಎರಡನೆಯ ಯತ್ನದಲ್ಲಿಯೇ ತಿದ್ದಿಕೊಳ್ಳುವವರು ಬಹಳ.

ಭರ್ತಿ ಮೂಟೆಯನ್ನು ಇಬ್ಬರೇ ಎತ್ತಬೇಕು, ಜೋಡಿಗಳಲ್ಲಿ ಎತ್ತರ ಹೆಚ್ಚುಕಡಿಮೆ ಸಮವಾಗಿರಬೇಕು. ಒಂದು ಕೈ ಚೀಲದ ಮೇಲಿನ ಮೂಲೆಯಲ್ಲಿ, ಇನ್ನೊಂದು ತಳದ ಮೂಲೆಯಲ್ಲಿ. ಗೋಣಿ ಹರಿದು ಜಾರಬಹುದಾದ್ದರಿಂದ ಕೊಕ್ಕೆಯನ್ನು ಎಳೆಯಲು ಬಳಸಿದರೂ ಎತ್ತಲು ಬಳಸಬಾರದು. ಎಣಿಕೆ ಒಬ್ಬನದೇ ಆಗಿರಲಿ. ಇಂದು ಗೋದಾಮುಗಳಲ್ಲಿ ಕನ್ನಡದವರ ಜೊತೆ ಅಸ್ಸಾಂ, ಬಂಗಾಳ, ತಮಿಳುನಾಡಿನವರೂ ದುಡಿಯುತ್ತಾರೆ, ‘ಹಿಡ್ಕೊಂಡ್ಯಾ?’ ಎಂದು ಒಬ್ಬ ಕೇಳಿದ್ದನ್ನು ‘ಎತ್ತು’ ಎಂದು ಇನ್ನೊಬ್ಬ ತಿಳಿದರೆ ಭಾರವೆಲ್ಲ ಒಂದೇ ಕಡೆಗೆ ವಾಲುತ್ತದೆ. ‘ಏಕ್, ದೋ, ತೀನ್’ ಎಂದು, ತೀನ್‌ಗೆ ಎತ್ತುವುದೆಂದು ಇಡೀ ಗೋದಾಮಿಗೆ ಒಂದೇ ಪದ್ಧತಿ ಮಾಡಿಬಿಡಿ. ಭುಜದ ಮೇಲೆ ಹೊರುವುದು ಅನಿವಾರ್ಯವಾದಲ್ಲಿ ಮೂಟೆಯನ್ನು ಕಟ್ಟೆಯ ಮೇಲಿನಿಂದ ಅಥವಾ ಲಾರಿಯ ಅಂಚಿನಿಂದಲೇ ತೆಗೆದುಕೊಳ್ಳಬೇಕು, ಇಳಿಸುವಲ್ಲಿಯೂ ಇಬ್ಬರು ಕಾದಿರಬೇಕು. ಪೇರಿಸಿದ ಮೂಟೆಗಳ ಅಟ್ಟಿ ಭುಜದ ಮಟ್ಟ ದಾಟಿದ ಮೇಲೆ ಮೆಟ್ಟಿಲಿಲ್ಲದೆ ಕೆಳಗಿನಿಂದ ಎಸೆಯುವುದನ್ನು ಪೂರ್ತಿ ನಿಲ್ಲಿಸಿ.

ಸೊಂಟಪಟ್ಟಿ ಕೊಡಿಸಿದರೆ ಆಯಿತೆಂದು ನಂಬಿರುವ ಮಾಲೀಕರಿದ್ದಾರೆ. ನೋವಿಲ್ಲದವರ ಬೆನ್ನನ್ನು ಅದು ಕಾಪಾಡುತ್ತದೆ ಎನ್ನಲು ಸಾಕಷ್ಟು ಆಧಾರವಿಲ್ಲವೆಂದು ನಿಯೋಶ್ 1994ರಲ್ಲಿಯೇ ಹೇಳಿದೆ. ಆ ಹಣಕ್ಕೆ ಮುಂಭಾಗ ಮುಚ್ಚಿದ, ಜಾರದ ಅಡಿಯ ಬೂಟು ಕೊಡಿಸುವುದು ಮೇಲು. ಡಿಸೆಂಬರ್, ಜನವರಿಯ ಚಳಿಯ ಬೆಳಗಿನಲ್ಲಿ ಮೈ ಸೆಟೆದುಕೊಂಡಿರುತ್ತದೆ. ಮೊದಲ ಅರ್ಧ ಗಂಟೆ ಗುಡಿಸುವುದು, ಖಾಲಿ ಚೀಲ ಜೋಡಿಸುವುದು ಮುಂತಾದ ಹಗುರ ಕೆಲಸ ಹಚ್ಚಿ.

ಕಲಿತದ್ದು ಉಳಿದಿದೆಯೇ ಎಂದು ನೋಡಲು ಬೆಳಗ್ಗೆ ಹೋಗಬೇಡಿ, ಮಧ್ಯಾಹ್ನ ನಾಲ್ಕರ ಮೇಲೆ ಹೋಗಿ. ದಣಿದಾಗಲೇ ಹಳೆಯ ರೂಢಿ ಮರಳುವುದು. ರೊಬಸ್ಟಾ ಬರತೊಡಗಿದಾಗ ಹೊಸಬರು ಸೇರುವುದರಿಂದ ಅರ್ಧ ದಿನದ ಪಾಠವನ್ನು ಮತ್ತೊಮ್ಮೆ ಇಟ್ಟುಕೊಳ್ಳಿ. ಸೊಂಟ ಹಿಡಿದಿದೆ ಎಂದವನ ಅಂದಿನ ಕೂಲಿ ಕತ್ತರಿಸುವ ಪದ್ಧತಿಯಿದ್ದರೆ ಯಾರೂ ಬಾಯಿ ಬಿಡುವುದಿಲ್ಲ; ಅಂಥವನಿಗೆ ಹೊಲಿಗೆಯದೋ ಎಣಿಕೆಯದೋ ಕೆಲಸ ಕೊಟ್ಟು ಪೂರ್ತಿ ಕೂಲಿ ಕೊಡಿ. ನೋವು ಕಾಲಿಗಿಳಿದು ಪಾದ ಮರಗಟ್ಟಿದರೆ ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಇಲ್ಲವೇ ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ, ಎಣ್ಣೆ ತಿಕ್ಕುತ್ತ ಕೂರದೆ ಆ ಗಳಿಗೆಯಲ್ಲೇ ವಾಹನ ಮಾಡಿಕೊಂಡು ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಕರೆದೊಯ್ಯಬೇಕು.